ರಾಜರು ನಮ್ಮವರೇ, ಆದರೆ ನೇಣು ಯಾರದು?

ಇವತ್ತು ಫೋನಿನ ಮ್ಯಾಪಿನಿಂದಲೇ ಶುರು ಮಾಡೋಣ. ಬಾಗಲಕೋಟೆ ಜಿಲ್ಲೆ ತೆಗೀರಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಬೈಕ್ ಇದ್ರೆ ಒಂದೇ ದಿನದಲ್ಲಿ ಎಲ್ಲಾ ಸುತ್ತಬಹುದು. ಆದರೆ ನೂರು ವರ್ಷದ ಹಿಂದೆ ಇದೇ ದಾರಿಯಲ್ಲಿ ನೀವು ನಾಲ್ಕು ಆಡಳಿತ ದಾಟಬೇಕಿತ್ತು. ಜಮಖಂಡಿ, ಬನಹಟ್ಟಿ ಜಮಖಂಡಿಯ ಪಟವರ್ಧನರವು. ಪಕ್ಕದ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು. ಬೀಳಗಿ ಮಾತ್ರ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯೊಳಗಿತ್ತು.

ಹಾಗಾದ್ರೆ ಬೀಳಗಿಯವರು ಬ್ರಿಟಿಷರ ಕೈಕೆಳಗೆ, ಮುಧೋಳದವರು ಸ್ವತಂತ್ರರು ಅಂತಾನಾ? ಅಲ್ಲ. ಇವತ್ತಿನ ವಿಷಯ ಅದೇ.

1818ರಲ್ಲಿ ಪೇಶ್ವೆ ಸೋತ ಮೇಲೆ ಕಂಪನಿ ಸರಕಾರ ಇಲ್ಲಿನ ಸಂಸ್ಥಾನಿಕರ ಜೊತೆ ಒಪ್ಪಂದ ಮಾಡಿಕೊಂಡಿತು. ಗಾದಿ ನಿಮ್ಮದು, ಕಂದಾಯ ನಿಮ್ಮದು, ರಕ್ಷಣೆ ನಮ್ಮದು. ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಇದು ಫ್ರಾಂಚೈಸಿ ಥರ ಕಾಣುತ್ತೆ. ಅಂಗಡಿ ನಿಮ್ಮದು, ಗಲ್ಲಾಪೆಟ್ಟಿಗೆ ನಿಮ್ಮದು, ರೂಲ್ಸ್ ಮಾತ್ರ ಹೆಡ್ ಆಫೀಸಿಂದು. ಹೆಡ್ ಆಫೀಸಿನ ಪರವಾಗಿ ಮೇಲೆ ಕಣ್ಣಿಡುವವನಿಗೆ ಪೊಲಿಟಿಕಲ್ ಏಜೆಂಟ್ ಅನ್ನೋರು.

ಈ ವ್ಯವಸ್ಥೆಯ ಒಳಗೇನಿದೆ ಅನ್ನೋದು 1857ರಲ್ಲಿ ಹೊರಬಿತ್ತು. ಜನರ ಹತ್ತಿರ ಇರೋ ಆಯುಧ ನೋಂದಾಯಿಸಬೇಕು ಅಂತ ಬ್ರಿಟಿಷರು ಕಾಯ್ದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರಿದ್ದರು. ಬೇಟೆ, ಕಾವಲು ಅವರ ಬದುಕು. ಆಯುಧ ಕೊಟ್ಟರೆ ಹೊಟ್ಟೆಪಾಡೂ ಹೋಯ್ತು, ಮಾನವೂ ಹೋಯ್ತು. ಕೊಡೋದಿಲ್ಲ ಅಂದರು. ಆಜ್ಞೆ ಹೊತ್ತು ಬಂದವರು ಸಂಸ್ಥಾನದವರು, ಆದರೆ ಆಜ್ಞೆ ಸಂಸ್ಥಾನದ್ದಲ್ಲ. ನವೆಂಬರ್ ಕೊನೆಗೆ ಬ್ರಿಟಿಷ್ ಪಡೆ ಬಂತು, ಊರಿಗೆ ಬೆಂಕಿ ಬಿತ್ತು. ಸಿಕ್ಕವರಲ್ಲಿ 19 ಜನರನ್ನು ನೇಣಿಗೇರಿಸಿದರು: ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನ, ಡಿಸೆಂಬರ್ 14ರಂದು ಹಲಗಲಿಯಲ್ಲಿ 6 ಜನ.

ಒಂದು ಕ್ಷಣ ನಿಲ್ಲಿ. ಮುಧೋಳ ಅಂದ್ರೆ ಸಂಸ್ಥಾನದ ರಾಜಧಾನಿ. ಸತ್ತವರು ಆ ಸಂಸ್ಥಾನದ ಪ್ರಜೆಗಳು. ಕಾಯ್ದೆ, ಪಡೆ ಎರಡೂ ಬ್ರಿಟಿಷರವು. "ರಕ್ಷಣೆ" ಸಿಕ್ಕಿದ್ದು ಗಾದಿಗೆ, ಪ್ರಜೆಗಲ್ಲ.

ಮುಂದಿನ ವರ್ಷ ನರಗುಂದದ ಬಾಬಾಸಾಹೇಬ ತಿರುಗಿಬಿದ್ದ. ಅವನಿಗೆ ಗಂಡುಮಕ್ಕಳಿರಲಿಲ್ಲ, ದತ್ತು ತಗೊಳ್ಳೋಕೆ ಬ್ರಿಟಿಷರು ಒಪ್ಪಿರಲಿಲ್ಲ. 1858ರ ಮೇ ತಿಂಗಳಲ್ಲಿ ಸುರೇಬಾನದ ಹತ್ತಿರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಜೂನ್‌ನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ಸಂಸ್ಥಾನವನ್ನೂ ಕಿತ್ತುಕೊಂಡರು.

ಈಗ ಸಮುದ್ರ ದಾಟಿ ಇಂದಿನ ಮಲೇಷ್ಯಾಕ್ಕೆ ಹೋಗೋಣ. ಅಲ್ಲಿನ ಪೆರಾಕ್ ಸುಲ್ತಾನಿಕೆ 1874ರ ಪಾಂಗ್ಕೋರ್ ಒಪ್ಪಂದದಲ್ಲಿ ಬ್ರಿಟಿಷ್ ರೆಸಿಡೆಂಟನನ್ನು ಒಪ್ಪಿಕೊಂಡಿತು. ಮಲಯ ಧರ್ಮ, ಪದ್ಧತಿ ಬಿಟ್ಟು ಉಳಿದೆಲ್ಲದರಲ್ಲೂ ಅವನ "ಸಲಹೆ"ಯಂತೆ ನಡೆಯಲೇಬೇಕು. ಮರುವರ್ಷವೇ ಮೊದಲ ರೆಸಿಡೆಂಟ್ ಬರ್ಚ್ ಕೊಲೆಯಾದ. ಸುಲ್ತಾನ್ ಅಬ್ದುಲ್ಲಾನನ್ನು ಸೇಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. ನರಗುಂದದ ಕಥೆಯೇ ಅಲ್ವಾ? ಒಂದೇ ಫರಕು: ಅಲ್ಲಿ ಸುಲ್ತಾನಿಕೆಯನ್ನು ಅಳಿಸಲಿಲ್ಲ. ಹೆಸರು ಸುಲ್ತಾನನದು, ಕೆಲಸ ಬ್ರಿಟಿಷರದು. ಮುಧೋಳ, ಜಮಖಂಡಿಗಳಲ್ಲಿ ಅಷ್ಟೊತ್ತಿಗೆ ಅರ್ಧ ಶತಮಾನದಿಂದ ನಡೆದಿದ್ದೂ ಇದೇ.

1948ರಲ್ಲಿ ಈ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದವು. ಸಾಂಗಲಿಯ ರಬಕವಿ, ಜಮಖಂಡಿಯ ಬನಹಟ್ಟಿ ಈಗ ಒಂದೇ ನಗರಸಭೆ. ಅರಮನೆಗಳ ಮುಂದೆ ಸೆಲ್ಫಿ ತಗೋತೀವಿ, ತಪ್ಪೇನಿಲ್ಲ. ಸಂಸ್ಥಾನಿಕರು ಒಳ್ಳೆ ಕೆಲಸವನ್ನೂ ಮಾಡಿದ್ದಾರೆ. ಆದರೆ "ನಮ್ಮೂರಲ್ಲಿ ಬ್ರಿಟಿಷರೇ ಇರಲಿಲ್ಲ, ರಾಜರಿದ್ದರು" ಅಂತ ಯಾರಾದ್ರೂ ಹೇಳಿದ್ರೆ, ಹಲಗಲಿ ಹೆಸರು ಹೇಳಿ.

ಹಲಗಲಿ ಬೇಡರ ಲಾವಣಿ ಇವತ್ತಿಗೂ ಉಳಿದಿದೆ. ಅದನ್ನು 1885ರಲ್ಲಿ ಅಚ್ಚು ಹಾಕಿಸಿದವರು ಯಾರು ಗೊತ್ತಾ? ಜೆ. ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರಕಾರದ ಅಧಿಕಾರಿ. ನಿಮ್ಮ ಮನೆಯ ಹಿರಿಯರಿಗೆ ಆ ಲಾವಣಿ ಗೊತ್ತಿದ್ರೆ ಹಾಡಿಸಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.