ಬಿಚ್ಚಿ ಕಟ್ಟಿದ ಮನೆಗಳು

1974ರ ಭೂಸುಧಾರಣೆಯ ಬಳಿಕ, ಕೂಡುಕುಟುಂಬಗಳೂ ಒಡೆದು, ಕರಾವಳಿಯ ಅನೇಕ ಚೌಕಿಮನೆಗಳನ್ನು ನೋಡಿಕೊಳ್ಳುವವರಿಲ್ಲದಾಯಿತು. ಎಷ್ಟೋ ಮನೆಗಳ ಕಂಬ, ತೊಲೆ, ಬಾಗಿಲುಗಳು ಮರದ ಬೆಲೆಗೆ ಹೋದವು.

ಇದನ್ನು ಕಂಡು ಸುಮ್ಮನಿರದವರು ವಿಜಯನಾಥ ಶೆಣೈ. ಅವರು ವಾಸ್ತುಶಿಲ್ಪಿಯಲ್ಲ, ಬ್ಯಾಂಕ್ ಉದ್ಯೋಗಿ. ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ ಮೊದಲಾದವನ್ನು ಅಳೆದು, ನಕ್ಷೆ ಬರೆಸಿ, ಬಿಚ್ಚಿ, ಮಣಿಪಾಲಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿದರು. ಅದೇ ಇಂದಿನ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಶೆಣೈಯವರು 2017ರಲ್ಲಿ ತೀರಿಕೊಂಡರು, ಮನೆಗಳು ನಿಂತಿವೆ.

ಇತಿಹಾಸ ಪಾಠ ಮಾಡುವ ನನಗೆ ಆ ಮನೆಗಳನ್ನು ನೆನೆದರೆ ಸಂತೋಷದ ಜೊತೆಗೆ ಒಂದು ಕಳವಳವೂ ಉಂಟು. ಮನೆ ಉಳಿಯಿತು, ಆದರೆ ಅದರ ಗದ್ದೆ, ಬಾವಿ, ನೆರೆಹೊರೆ ಹಿಂದೆಯೇ ಉಳಿದವು. ಬೇರೆ ದಾರಿಯಿಲ್ಲದಾಗ ಅದೇ ಸರಿ. ನಮ್ಮೂರಿನಲ್ಲಿ ಇನ್ನೂ ನಿಂತಿರುವ ಹಳೆಯ ಮನೆಗಳಿಗೆ ದಾರಿ ಇದೆ. ಮನೆಯವರು ಒಪ್ಪಿದರೆ, ಹಳೆ ವಿದ್ಯಾರ್ಥಿಗಳು ಸೇರಿ ಒಂದನ್ನಾದರೂ ಇದ್ದಲ್ಲೇ ಉಳಿಸಿ, ಅಲ್ಲಿ ವಾಚನಾಲಯವನ್ನೋ ಯಕ್ಷಗಾನ ತರಗತಿಯನ್ನೋ ನಡೆಸಬಹುದು. ಜನ ಓಡಾಡಿ, ದೀಪ ಹಚ್ಚಿ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಮನೆ ಬೇಗ ಬೀಳುವುದಿಲ್ಲ.

ಮೊದಲ ಹೆಜ್ಜೆಗೆ ಹಣ ಬೇಡ. ಅಳತೆ ಟೇಪು, ನೋಟ್‌ಬುಕ್ಕು, ಮನೆಯ ಹಿರಿಯರ ಜೊತೆ ಒಂದು ಮಧ್ಯಾಹ್ನ ಸಾಕು. ಈ ರಜೆಯಲ್ಲೇ ಆರಂಭಿಸೋಣ.