ಸಾವಿನ ಕಾರಣ ಎಂಬ ಕಾಲಂ

ಪುತ್ತೂರು ಸೀಮೆ 1956ರ ತನಕ ಮದ್ರಾಸಿಗೆ ಸೇರಿತ್ತು. ಸುಳ್ಯ, ಕಡಬ ಎರಡೂ ಆಗ ಪುತ್ತೂರು ತಾಲ್ಲೂಕಿನೊಳಗೇ. ಊರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ಬರೆದಿಡುವುದು ಪಟೇಲನ ಕೆಲಸ. ಆ ಲೆಕ್ಕವೇ ಮೇಲೆ ಹೋಗಿ ಆರೋಗ್ಯ ಇಲಾಖೆಯ ವಾರ್ಷಿಕ ವರದಿಯಾಗುತ್ತಿತ್ತು. ಸಾವಿನ ಕಾರಣಕ್ಕೆ ಬೆರಳೆಣಿಕೆಯ ಕಾಲಂಗಳು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಉಸಿರಿನ ಕಾಯಿಲೆ, ಅಪಘಾತ, ಇತರೆ. ಇದರಲ್ಲಿ ‘ಜ್ವರ’ ಅನ್ನೋದು ದೊಡ್ಡ ಗೋಣಿಚೀಲ. ಏನೆಂದು ಗೊತ್ತಾಗದ ಸಾವೆಲ್ಲ ಅದರೊಳಕ್ಕೆ. ಬರೆಯುವ ಪಟೇಲನೇ ಎಷ್ಟೋ ಕಡೆ ಧಣಿ, ಸತ್ತವನು ಅವನದೇ ಮೂಲದಾಳು. ನಮ್ಮ ಸಾವುಗಳನ್ನು ಮೊದಲು ದಾಖಲೆ ಮಾಡಿದ್ದು ಈ ಕೈ.

ಈ ರಿಜಿಸ್ಟರಿನ ಪಕ್ಕದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಇಟ್ಟು ಓದಬೇಕು. 1933ರಲ್ಲಿ ಬಂದ ಈ ಕಾದಂಬರಿಯ ಲೋಕ ಇದೇ ಪುತ್ತೂರು ಸೀಮೆಯದು. ಚೋಮನ ನೆಲದ ಆಸೆ, ಅವನ ದುಡಿ, ಮತಾಂತರದ ಹೊಸ್ತಿಲಿಂದ ಅವನು ಹಿಂದೆ ಸರಿದದ್ದು, ಇವುಗಳ ಬಗ್ಗೆ ವಿಮರ್ಶಕರು ಸಾಕಷ್ಟು ಜಗಳ ಆಡಿದ್ದಾರೆ. ಆಡಲಿ. ಆದರೆ ಆ ಗುಡಿಸಲಿನ ಸಾವುಗಳನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೇ? ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಹಿರಿಯ ಮಕ್ಕಳಿಬ್ಬರಲ್ಲಿ ಒಬ್ಬ ಕಾಯಿಲೆಗೆ ಸಾಯುತ್ತಾನೆ. ಪಟೇಲನಾದರೆ ಒಂದು ರೋಗದ ಹೆಸರು ಬರೆದು ಮುಗಿಸುತ್ತಿದ್ದ. ಸಾಲಕ್ಕೆ ಕಾಲಂ ಇರಲಿಲ್ಲ. ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆ ಎಂದು ಯಾರೂ ಅವನನ್ನು ಎತ್ತುವುದಿಲ್ಲ. ರಿಜಿಸ್ಟರಿನಲ್ಲಿ ಇದು ಏನಾಗುತ್ತದೆ? ‘ಅಪಘಾತ’. ಕಾರಂತರ ಬಗ್ಗೆ ನನಗೂ ತಕರಾರುಗಳಿವೆ, ಚೋಮನನ್ನು ಅವರು ಹೊರಗಿನಿಂದ ನೋಡಿದ್ದು ನಿಜ. ಆದರೂ ಇಲಾಖೆ ಬರೆಯಲಾಗದ ಒಂದು ಕಾರಣವನ್ನು ಅವರು ಬರೆದರು.

ಹಾಗಂತ ಇಲಾಖೆ ಏನೂ ಮಾಡಲಿಲ್ಲ ಎನ್ನುವುದು ಸೋಮಾರಿ ಮಾತು. ಮಾರಿಗೆ ಕೋಳಿ ಕೊಟ್ಟು ಸಿಡುಬನ್ನು ಊರ ಗಡಿ ದಾಟಿಸುತ್ತಿದ್ದ ನಾಡಿನಲ್ಲಿ ಲಸಿಕೆಯವನು ಕೇರಿಗೂ ಹೋದ, 1975ರಲ್ಲಿ ದೇಶದ ಕೊನೆಯ ಸಿಡುಬು ಮುಗಿಯಿತು. ಸೂಲಗಿತ್ತಿಯ ಜಾತಿ ಕೇಳುವ ಕಾಲದಲ್ಲಿ ಎಲ್ಲ ಜಾತಿಯ ಬಸುರಿಯರ ಹೊಟ್ಟೆ ಮುಟ್ಟಿ ನೋಡುವುದನ್ನು ಸರ್ಕಾರಿ ನರ್ಸಮ್ಮನ ಕರ್ತವ್ಯ ಮಾಡಿದ್ದೂ ಇದೇ ಇಲಾಖೆ. 1953ರಲ್ಲಿ ಶುರುವಾದ ಮಲೇರಿಯಾ ಕಾರ್ಯಕ್ರಮದ ಕಥೆ ಸ್ವಲ್ಪ ಬೇರೆ. ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ, ಗೋಡೆಗೆ ಡಿಡಿಟಿ ಹೊಡೆದರೆ ಸಾಯುತ್ತದೆ. ಸರಿಯೇ. ಆದರೆ ಗೋಡೆಯೇ ಇಲ್ಲದವನು? ಮಡಲಿನ ತಟ್ಟಿಯೊಳಗೆ ಮಲಗುವವನು, ಮೇಸ್ತ್ರಿಯ ಮುಂಗಡ ತಿಂದು ಆರು ತಿಂಗಳು ಘಟ್ಟದ ಕಾಡಲ್ಲಿ ಇರುವವನು? ಮನೆ ಇದೆ, ಅದರಲ್ಲಿ ಜನ ಇರುತ್ತಾರೆ ಎಂದು ಹಿಡಿದುಕೊಂಡೇ ಯೋಜನೆ ನಡೆಯಿತು.

ಇಲಾಖೆಯೊಂದು ಗೋಡೆಗೆ ಹೊಡೆದರೆ, ಸರ್ಕಾರದ ಇನ್ನೊಂದು ಕೈ ಆಕಾಶದಿಂದ ಹೊಡೆಯಿತು. ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲಿ ಟೀ ಸೊಳ್ಳೆ ಕೊಲ್ಲಲು 1980ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಡಿಡಿಟಿಯ ದಾಯಾದಿಯೇ ಅದು. ಗೇರುಗುಡ್ಡೆಗಳ ಬುಡದಲ್ಲಿ ಕೂಲಿಯವರ ಬಾವಿಗಳು, ಕಾಲೊನಿಗಳು. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಮಕ್ಕಳು ಕೈಕಾಲು ಬಾರದೆ, ಬುದ್ಧಿ ಬಲಿಯದೆ ಹುಟ್ಟಿದಾಗ ಅದನ್ನು ಬರೆಯಲೂ ಕಾಲಂ ಇರಲಿಲ್ಲ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ ಕುಮಾರ್ ಎಂಬ ಖಾಸಗಿ ವೈದ್ಯರು ತಮ್ಮ ರೋಗಿಗಳ ಮನೆಗಳನ್ನು ಒಂದಕ್ಕೊಂದು ಸೇರಿಸಿ ನೋಡಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ರೋಗಿ ಯಾರು ಎಂಬುದರ ಜೊತೆಗೆ ಎಲ್ಲಿರುತ್ತಾನೆ, ಯಾವ ನೀರು ಕುಡಿಯುತ್ತಾನೆ ಎಂದೂ ಕೇಳಿದ್ದು ಅವರ ಹೆಚ್ಚುಗಾರಿಕೆ.

2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಡೆಯಿತು. ಆಮೇಲೆ ಹೋರಾಟದವರ ಒತ್ತಾಯ, ಹೈಕೋರ್ಟಿನ ಆದೇಶಗಳ ಹಿಂದೆ ಆರೋಗ್ಯ ಇಲಾಖೆ ಸಮೀಕ್ಷೆಗೆ ಬಂತು. ಕೊಕ್ಕಡದಲ್ಲಿ, ಕಡಬದ ಕೊಯ್ಲದಲ್ಲಿ ಹಗಲು ಪಾಲನಾ ಕೇಂದ್ರ, ಗುರುತಿನ ಚೀಟಿ, ಪಿಂಚಣಿ. ಬಂದದ್ದು ಒಳ್ಳೆಯದೇ, ಮಗುವನ್ನು ಹೊತ್ತುಕೊಂಡು ಅಲೆದ ತಾಯಿಗೆ ಅದು ಸಣ್ಣದಲ್ಲ. ಆದರೆ ಪಿಂಚಣಿಯ ಮೆಟ್ಟಿಲು ಅಂಗವೈಕಲ್ಯದ ಶೇಕಡಾ ಲೆಕ್ಕದ ಮೇಲೆ. ಮಗುವಿನ ಮೈಯನ್ನು ಅಳೆದು 25, 60 ಎಂದು ಬರೆಯುತ್ತಾರೆ. ಅದರ ಅಪ್ಪ ಯಾರ ಗೇರುಗುಡ್ಡೆಯಲ್ಲಿ ಎಷ್ಟು ವರ್ಷ ಬೀಜ ಹೆಕ್ಕಿದ, ವಿಷ ಸುರಿದ ದಿನ ಅಮ್ಮ ಯಾವ ತೋಡಿನ ನೀರು ತಂದಳು ಎಂಬುದಕ್ಕೆ ಆ ಶೇಕಡಾದಲ್ಲಿ ಜಾಗ ಇಲ್ಲ.