ನಾಗಾವಿಯ ಸರಸ್ವತೀಭಂಡಾರಿಗರೂ ಇಂದಿನ ವಿಶ್ವವಿದ್ಯಾನಿಲಯದ ಗ್ರಂಥಾಲಯವೂ

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದಲ್ಲಿರುವ ನಾಗಾವಿಯು ಕಲ್ಯಾಣಚಾಲುಕ್ಯರ ಕಾಲದಲ್ಲಿ ಒಂದು ಪ್ರಸಿದ್ಧವಾದ ಘಟಿಕಾಸ್ಥಾನವಾಗಿದ್ದಿತೆಂಬುದು ಶಾಸನಾಭ್ಯಾಸಿಗಳಿಗೆ ಹೊಸ ವಿಷಯವೇನೂ ಅಲ್ಲ. ತ್ರೈಲೋಕ್ಯಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ಆಳುತ್ತಿದ್ದ ಕಾಲದಲ್ಲಿ, ಕ್ರಿ. ಶ. 1058ರಲ್ಲಿ, ಅಲ್ಲಿ ಹುಟ್ಟಿದ ಶಾಸನವು ಆ ವಿದ್ಯಾಸ್ಥಾನದ ವ್ಯವಸ್ಥೆಯನ್ನು ವಿವರವಾಗಿ ಹೇಳುವುದು. ವೇದಾಧ್ಯಯನ ಮಾಡುವ ಇನ್ನೂರು ಮಂದಿ, ಶಾಸ್ತ್ರಾಧ್ಯಯನ ಮಾಡುವ ಐವತ್ತೆರಡು ಮಂದಿ ವಿದ್ಯಾರ್ಥಿಗಳು. ವೇದಗಳಿಗೆ ಮೂವರು ಅಧ್ಯಾಪಕರು. ಭಟ್ಟದರ್ಶನ, ನ್ಯಾಸ, ಪ್ರಾಭಾಕರ ಎಂಬ ಶಾಸ್ತ್ರಗಳಿಗೆ ಮೂವರು ವ್ಯಾಖ್ಯಾತೃಗಳು. ಇವರ ಸಂಗಡ ಆರು ಮಂದಿ ಸರಸ್ವತೀಭಂಡಾರಿಗರು.

ಈ ಕಡೆಯ ಮಾತಿನ ಮೇಲೆ ನಮ್ಮ ವಿದ್ವಾಂಸರು ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾವಿರ ವರ್ಷಗಳ ಹಿಂದೆಯೇ ನಮ್ಮಲ್ಲಿ ಗ್ರಂಥಾಲಯವಿದ್ದಿತಲ್ಲಾ ಎಂದು ಸಂತೋಷಪಟ್ಟು ಮುಂದಕ್ಕೆ ಹೋಗುವರು. ಆದರೆ ಎಣಿಕೆಯನ್ನು ನೋಡಬೇಕು. ಬೋಧಿಸುವವರು ಆರು ಮಂದಿ. ಗ್ರಂಥಗಳನ್ನು ಕಾಯುವವರೂ ಆರು ಮಂದಿ. ಆ ಶಾಸನವನ್ನು ಬರೆಯಿಸಿದವರು ಭಂಡಾರದ ಕಟ್ಟಡವನ್ನು ವರ್ಣಿಸುವುದಕ್ಕಿಂತ ಅದರ ಪಾಲಕರನ್ನು ಎಣಿಸುವುದೇ ಮುಖ್ಯವೆಂದು ಭಾವಿಸಿದರು. ಅಂಕೀಕೃತ ಗ್ರಂಥಗಳ ನಡುವೆ ಬೆಳೆಯುತ್ತಿರುವ ವಿದ್ಯಾರ್ಥಿಗಳಿಗಾಗಿ ನಮ್ಮ ವಿಶ್ವವಿದ್ಯಾನಿಲಯಗಳು ಹೊಸ ಗ್ರಂಥಾಲಯಗಳ ನಕ್ಷೆಗಳನ್ನು ಬರೆಯಿಸುತ್ತಿರುವ ಈ ದಿವಸಗಳಲ್ಲಿ, ಈ ಎಣಿಕೆಯು ಕೇವಲ ಪುರಾತತ್ತ್ವದ ಕುತೂಹಲವೆಂದು ನನಗೆ ತೋರುವುದಿಲ್ಲ.

ಆರು ಮಂದಿಗೆ ಅಲ್ಲಿ ಏನು ಕೆಲಸವಿದ್ದಿರಬೇಕು? ಶಾಸನವು ಇದನ್ನು ಬಿಡಿಸಿ ಹೇಳುವುದಿಲ್ಲವಾದರೂ ಓಲೆಗರಿಯ ಸ್ವಭಾವವನ್ನು ಬಲ್ಲವರಿಗೆ ಊಹಿಸುವುದು ಕಷ್ಟವಲ್ಲ. ಓಲೆಯು ತೇವದಲ್ಲಿ ಬೂಷ್ಟು ಹಿಡಿಯುವುದು, ಒಣಹವೆಯಲ್ಲಿ ಸೀಳುವುದು. ಗೆದ್ದಲಿಗೂ ಹುಳುವಿಗೂ ಅದು ಆಹಾರವು. ಕಾಲಕಾಲಕ್ಕೆ ಕಟ್ಟನ್ನು ಬಿಚ್ಚಿ, ಧೂಳನ್ನು ಒರಸಿ, ಮಜ್ಜಿಗೆಹುಲ್ಲಿನ ತೈಲವನ್ನು ಸವರಿ, ಮಾಸಿದ ಅಕ್ಷರಗಳಿಗೆ ಮತ್ತೆ ಕಾಡಿಗೆಯನ್ನು ತುಂಬಿ, ಹಲಗೆಗಳ ನಡುವೆ ಬಿಗಿಯಾಗಿ ಕಟ್ಟಿ ವಸ್ತ್ರದಲ್ಲಿ ಸುತ್ತಿ ಇಡಬೇಕು. ಲಿಪಿಕಾರರು ಗ್ರಂಥಾಂತ್ಯದಲ್ಲಿ, ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಮೂರ್ಖನ ಕೈಯಿಂದಲೂ ಪುಸ್ತಕವನ್ನು ಕಾಪಾಡಿರೆಂದು ಬೇಡಿಕೊಳ್ಳುವುದುಂಟು. ಇಷ್ಟೆಲ್ಲಾ ಮಾಡಿದರೂ ಓಲೆಗೆ ಕೆಲವು ಶತಮಾನಗಳಷ್ಟೇ ಆಯುಸ್ಸು. ಆದಕಾರಣ ಹಳೆಯದು ಜೀರ್ಣವಾಗುವುದಕ್ಕೆ ಮೊದಲೇ ಹೊಸದನ್ನು ಬರೆಯತಕ್ಕದ್ದು ರಕ್ಷಣೆಯ ಮುಖ್ಯಾಂಗವಾಗಿದ್ದಿತು. ಇಂದು ನಾವು ಪಂಪನನ್ನೂ ರನ್ನನನ್ನೂ ಓದುತ್ತಿರುವುದು ಅವರ ಕಾಲದ ಓಲೆಗಳಿಂದಲ್ಲ, ಪ್ರತಿಯಿಂದ ಪ್ರತಿಗೆ ಇಳಿದುಬಂದ ಪರಂಪರೆಯಿಂದ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದನ್ನು ನಾವು ಆಕೆಯ ಔದಾರ್ಯಕ್ಕೆ ನಿದರ್ಶನವಾಗಿ ಪಾಠ ಹೇಳುವೆವು. ಅದು ಔದಾರ್ಯವೂ ಹೌದು, ಗ್ರಂಥರಕ್ಷಣೆಯ ಅತ್ಯಂತ ಖಚಿತವಾದ ಉಪಾಯವೂ ಹೌದು.

ಒಂದೇ ಸ್ಥಳದಲ್ಲಿ ಭದ್ರವಾಗಿಟ್ಟ ಗ್ರಂಥದ ಪಾಡೇನೆಂಬುದಕ್ಕೆ ಮೂಡಬಿದಿರೆಯ ಸಿದ್ಧಾಂತಗ್ರಂಥಗಳೇ ಸಾಕ್ಷಿ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ರಚಿಸಿದ ಧವಲಾಟೀಕೆಯು ಅಲ್ಲಿಯ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದಿದ್ದಿತು. ದೀರ್ಘಕಾಲದವರೆಗೆ ಭಕ್ತರಿಗೆ ಅವುಗಳ ದರ್ಶನವಾಗುತ್ತಿತ್ತೇ ಹೊರತು ವಿದ್ವಾಂಸರಿಗೆ ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಬಹುವರ್ಷಗಳ ಪ್ರಯಾಸದಿಂದ ಪ್ರತಿಗಳು ಸಿದ್ಧವಾಗಿ, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟವು ಹೊರಬಿದ್ದಿತು. ಕಾಪಾಡಿದವರಿಗೆ ನಾವು ಋಣಿಗಳೇ. ಆದರೂ ಮಧ್ಯದಲ್ಲಿ ಒಂದು ಕಿಡಿ ಬಿದ್ದಿದ್ದರೆ ಎಂದು ನೆನೆದಾಗ ಎದೆ ನಡುಗುವುದು.

ಭಂಡಾರಿಗನು ಬೀಗದ ಕೈಯನ್ನು ಇಟ್ಟುಕೊಂಡವನು ಮಾತ್ರನಲ್ಲವೆಂಬುದನ್ನು ಮೈಸೂರಿನ ಪ್ರಾಚ್ಯಕೋಶಾಗಾರದ ಇತಿಹಾಸವು ತೋರಿಸಿಕೊಡುವುದು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಸ್ಥಾಪಿತವಾದ ಈ ಸಂಸ್ಥೆಗೆ ತಂಜಾವೂರು ಪ್ರಾಂತ್ಯದ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ಓಲೆಯ ಕಟ್ಟನ್ನು ಒಪ್ಪಿಸಿದ್ದರು. ಅಲ್ಲಿಯ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮೂಲವನ್ನು ಪ್ರಕಟಿಸಿದರು. ಆ ಕಟ್ಟನ್ನು ಕ್ರಮಸಂಖ್ಯೆ ಹಾಕಿ ಕಪಾಟಿನಲ್ಲಿ ಇಡುವುದಕ್ಕೆ ಯಾರಾದರೂ ಸಾಕಾಗಿದ್ದರು. ಬಿಚ್ಚಿ ಓದಿ, ಇದು ಇಂಥದೆಂದು ಹೇಳುವುದಕ್ಕೆ ಲಿಪಿಯನ್ನೂ ಶಾಸ್ತ್ರವನ್ನೂ ಬಲ್ಲ ಭಂಡಾರಿಗನು ಬೇಕಾಗಿದ್ದನು. ಭಾರತದ ರಾಜನೀತಿಚರಿತ್ರೆಯನ್ನೇ ಮತ್ತೆ ಬರೆಯುವಂತೆ ಮಾಡಿದ ಈ ಕಾರ್ಯವು ಒಬ್ಬ ಗ್ರಂಥಪಾಲಕನ ಉದ್ಯೋಗದ ಅಂಗವಾಗಿ ನಡೆಯಿತೆಂಬುದನ್ನು ಮರೆಯಬಾರದು.

ನವೀನ ಗ್ರಂಥಾಲಯಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ತಳಹದಿ ಹಾಕಿದ ಶಿಯಾಳಿ ರಾಮಾಮೃತ ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳು ಉಪಯೋಗಕ್ಕಾಗಿ ಇರುವುವೆಂದೂ, ಐದನೆಯದು ಗ್ರಂಥಾಲಯವು ಬೆಳೆಯುವ ಜೀವಿಯೆಂದೂ ಸಾರುತ್ತವೆ. ಗಣಿತಾಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಇಲ್ಲಿಯೇ 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿದರು. ಜೀವಿಯೆಂದ ಮೇಲೆ ಅದಕ್ಕೆ ಆಹಾರವು ನಿತ್ಯವೂ ಬೇಕು. ನಮ್ಮ ಯೋಜನೆಗಳಾದರೋ ಜನ್ಮೋತ್ಸವಕ್ಕೆ ಕೋಟಿಗಳನ್ನು ಎತ್ತಿಟ್ಟು ಆಹಾರಕ್ಕೆ ಏನನ್ನೂ ಉಳಿಸುವುದಿಲ್ಲ.

ಅಂಕೀಕೃತವಾದ ಗ್ರಂಥಕ್ಕೆ ಹುಳುವಿನ ಭಯವಿಲ್ಲ, ಒಂದೇ ಪುಸ್ತಕವನ್ನು ಏಕಕಾಲದಲ್ಲಿ ನೂರು ಮಂದಿ ಓದಬಹುದು, ಮೂಲದ ಓಲೆಯನ್ನು ಮತ್ತೆ ಮತ್ತೆ ಮುಟ್ಟಬೇಕಾಗಿಲ್ಲ. ಇವು ಅಲ್ಪವಾದ ಲಾಭಗಳಲ್ಲ. ಇವನ್ನು ಅಲ್ಲಗಳೆಯುವ ಪಂಡಿತರ ಪಂಗಡಕ್ಕೆ ನಾನು ಸೇರಿದವನಲ್ಲ. ಆದರೆ ಅದರ ಆಯುಸ್ಸು ಓಲೆಯ ಆಯುಸ್ಸಿಗಿಂತ ಬಹಳ ಕಡಮೆಯೆಂಬುದನ್ನು ನಕ್ಷೆ ಬರೆಯುವವರು ಬಲ್ಲರೋ ಇಲ್ಲವೋ! ಮುದ್ರಿಕೆಯು ಕೆಡದಿದ್ದರೂ ಅದನ್ನು ಓದುವ ಯಂತ್ರವು ಕೆಲವೇ ವರ್ಷಗಳಲ್ಲಿ ಮಾಯವಾಗುವುದು. ಯಂತ್ರವಿದ್ದರೂ ಬರಹದ ರೂಪವನ್ನು ಬಿಡಿಸುವ ಕ್ರಮವು ಹಳೆಯದಾಗುವುದು. ಓಲೆಗೆ ಮುನ್ನೂರು ವರ್ಷಕ್ಕೊಮ್ಮೆ ಬೇಕಾಗಿದ್ದ ಪ್ರತಿಲೇಖನವು ಇದಕ್ಕೆ ಹತ್ತು ವರ್ಷಕ್ಕೊಮ್ಮೆ ಬೇಕು. ಅತ್ತಿಮಬ್ಬೆಯ ನ್ಯಾಯವೂ ಇಲ್ಲಿ ಮೊದಲಿನಂತೆಯೇ ಅನ್ವಯಿಸುವುದು. ಈ ಶತಮಾನದ ಆದಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯ ಸಹಕಾರದಿಂದ ಬೆಳೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ದ ಬಾಗಿಲು 2017ರ ಸುಮಾರಿಗೆ ಓದುಗರಿಗೆ ಮುಚ್ಚಿತು; ಅದರಲ್ಲಿದ್ದ ಅನೇಕ ಹಳೆಯ ಕನ್ನಡ ಪುಸ್ತಕಗಳು ಇಂದಿಗೂ ನಮಗೆ ದೊರೆಯುತ್ತಿರುವುದು ‘ಇಂಟರ್ನೆಟ್ ಆರ್ಕೈವ್’ ಎಂಬ ಹೊರದೇಶದ ಭಂಡಾರದಲ್ಲಿ ಅವುಗಳ ಪ್ರತಿಗಳಿದ್ದುದರಿಂದ.

ಕಟ್ಟಡದ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ದಪ್ಪನಾದ ಗೋಡೆ, ಎತ್ತರವಾದ ಮಾಡು, ಗಾಳಿಯ ಸಂಚಾರ, ನೇರವಾದ ಬಿಸಿಲನ್ನು ತಡೆಯುವ ಜಗುಲಿ ಇವು ನಮ್ಮ ಹವೆಗೆ ಒಗ್ಗಿದವುಗಳು. ಗಾಜಿನ ಗೋಡೆಗಳನ್ನು ನಿಲ್ಲಿಸಿ, ಒಳಗೆ ಬಂದ ಬಿಸಿಯನ್ನು ಹಗಲಿರುಳು ವಿದ್ಯುತ್ತಿನಿಂದ ಹೊರಗೆ ಅಟ್ಟುವುದು ಯಾವ ಜಾಣತನವೋ ತಿಳಿಯದು.

ನಾಗಾವಿಯ ಭಂಡಾರವೂ ಉಳಿಯಲಿಲ್ಲವಷ್ಟೆ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಅಲ್ಲಿ ಇಂದು ಶಿಲಾಲೇಖಗಳೂ ಭಗ್ನವಾದ ದೇವಾಲಯಗಳೂ ಉಳಿದಿವೆಯೇ ಹೊರತು ಆ ಗ್ರಂಥಗಳಿಲ್ಲ. ಭಂಡಾರಿಗರಿದ್ದ ಮಾತ್ರಕ್ಕೆ ಗ್ರಂಥವು ಅಮರವಾಗುವುದೆಂದು ನಾನು ಹೇಳುತ್ತಿಲ್ಲ. ಅವರ ಜೀವಿತವು ನಿಂತ ಮೇಲೆ ಗ್ರಂಥವು ನಿಲ್ಲುವುದಿಲ್ಲವೆಂಬುದಕ್ಕೆ ನಾಗಾವಿಯೂ ಒಂದು ನಿದರ್ಶನವೆಂದೇ ನನ್ನ ಅಭಿಪ್ರಾಯವು.

ಕೆಲವು ವರ್ಷಗಳ ಹಿಂದೆ ವ್ಯಾಕರಣದ ಒಂದು ಟೀಕೆಯ ಪಾಠಾಂತರಕ್ಕಾಗಿ ನಾನು ಒಂದು ವಿದ್ಯಾಸಂಸ್ಥೆಗೆ ಹೋಗಿದ್ದೆನು. ಮೂಲದ ಓಲೆಗಳು ಜೀರ್ಣವಾಗಿವೆಯೆಂದೂ, ಅವುಗಳ ಛಾಯಾಪ್ರತಿಯನ್ನು ಬಹಳ ಹಿಂದೆಯೇ ಒಂದು ಸಿ.ಡಿ.ಯಲ್ಲಿ ಇಳಿಸಿಟ್ಟಿದೆಯೆಂದೂ ಹೇಳಿದರು. ಸಿ.ಡಿ.ಯನ್ನು ತಂದರು, ಅದನ್ನು ಹಾಕುವ ಗಣಕಯಂತ್ರವೇ ಅಲ್ಲಿ ಉಳಿದಿರಲಿಲ್ಲ. ಹೊರಗಿನಿಂದ ಒಂದನ್ನು ತರಿಸಿದಾಗ ಅದು ತೆರೆಯಲಿಲ್ಲ. ಅದನ್ನು ಸಿದ್ಧಪಡಿಸಿದವರು ನಿವೃತ್ತರಾಗಿದ್ದರು. ಅವರ ಸ್ಥಾನವು ಅಂದಿನಿಂದಲೂ ಖಾಲಿಯಾಗಿದ್ದಿತು. ಆಗ ಅಲ್ಲಿಯ ಒಬ್ಬ ವೃದ್ಧ ಪರಿಚಾರಕನು ನಮ್ಮ ಮಾತನ್ನು ಕೇಳಿಸಿಕೊಂಡು, ಒಳಗಿನಿಂದ ಆ ಓಲೆಯ ಕಟ್ಟನ್ನೇ ತಂದು, ಒಂದೊಂದಾಗಿ ಬಿಡಿಸಿ ತೈಲವನ್ನು ಸವರಿದನು. ಮಧ್ಯಾಹ್ನದ ಹೊತ್ತಿಗೆ ನನಗೆ ಬೇಕಾಗಿದ್ದ ಪಂಕ್ತಿಯು ದೊರೆಯಿತು. ಮುಂದಿನ ಚೈತ್ರಕ್ಕೆ ತನಗೂ ನಿವೃತ್ತಿಯೆಂದು ಅವನು ಹೇಳಿದನು. ಈ ಕೆಲಸವನ್ನು ಬೇರೆ ಯಾರಿಗಾದರೂ ಕಲಿಸಿದ್ದೀಯಾ ಎಂದು ಕೇಳಿದೆನು. ಕಲಿಯುವುದಕ್ಕೆ ಯಾರನ್ನೂ ನೇಮಿಸಿಲ್ಲ ಸ್ವಾಮೀ ಎಂದನು.